ಎಂಟು ಕಟ್ಟು ಕಣಕಿ, ಒಂದು ಗೂಡ್ಸ್ ಗಾಡಿ: ಯಾದಗಿರಿಯ ಒಂದು ಶಾಲೆಯ ಪ್ರಕರಣ

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಡೆದದ್ದು ಇದು. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಊರಿನ ಹೆಸರು ಹೇಳುವುದಿಲ್ಲ. ಅಣುವಿದ್ಯುತ್ತಿನ ಬಗ್ಗೆ ಭಾಷಣ ಮಾಡಿದ ಹುಡುಗಿಯ ಹೆಸರಿಲ್ಲ, ಅವಳ ಅಜ್ಜನ ಹೆಸರೂ ಇಲ್ಲ. ಗುರುತು ಸಿಗಬಾರದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಲೆಕ್ಕ ಮಾತ್ರ ಬದಲಿಸಿಲ್ಲ. ಊರಿಗೆ ಇಷ್ಟವಿಲ್ಲದ ವಿಷಯವನ್ನು ಅದೇ ಊರಿನ ಮಕ್ಕಳಿಗೆ ಹೇಳಬೇಕಾಗಿ ಬಂದ ಮೇಷ್ಟ್ರುಗಳಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ತಾಲೂಕಿನ ಗೋಗಿ ಗೊತ್ತಿರುವವರಿಗೆ ಆದಿಲ್‌ಶಾಹಿ ಸುಲ್ತಾನರ ಗೋರಿಗಳು ನೆನಪಾಗುತ್ತವೆ, ದರ್ಗಾ ನೆನಪಾಗುತ್ತದೆ. ಇನ್ನೊಂದು ಕಾರಣಕ್ಕೂ ಆ ಹೆಸರು ದೇಶಕ್ಕೆ ಗೊತ್ತು. ಅಲ್ಲಿ ನೆಲದಡಿ, ಸುಣ್ಣಕಲ್ಲು ಮತ್ತು ಗ್ರಾನೈಟ್ ಸೇರುವ ಕಡೆ, ಬಿರುಕಿನ ಗುಂಟ ಯುರೇನಿಯಂ ಇದೆ. ಅಣು ಖನಿಜಗಳ ಇಲಾಖೆಯವರು ಪತ್ತೆ ಮಾಡಿದರು. ಗಣಿಯ ಮಾತು ಬಂತು, ವಿರೋಧವೂ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಇವತ್ತಿಗೂ ಯುರೇನಿಯಂ ಅಂದರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಒಂದು ಕೆಟ್ಟ ಕಾಯಿಲೆಯ ಹೆಸರು ಹೇಳಿದ ಹಾಗೆ.

ನಮ್ಮ ಶಾಲೆ ಇರುವ ಊರು ಅಲ್ಲಿಂದ ದೂರವಲ್ಲ. ಹತ್ತನೇ ಕ್ಲಾಸಿನಲ್ಲಿ 41 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ತೊಗರಿ, ಹತ್ತಿ, ಜೋಳ. ಆ ವರ್ಷ ತಾಲೂಕು ಮಟ್ಟದ ವಿಜ್ಞಾನ ಗೋಷ್ಠಿಗೆ ಕೊಟ್ಟ ವಿಷಯ: ವಿದ್ಯುತ್ ಮೂಲವಾಗಿ ಅಣುಶಕ್ತಿಯ ಅನುಕೂಲಗಳು. ಒಬ್ಬರಿಗೆ ಆರು ನಿಮಿಷ.

ಯಾವ ವಿಷಯ ಕೊಟ್ಟರೂ ಬಾಯಿಪಾಠ ಮಾಡುವ ಮಕ್ಕಳಿರುತ್ತಾರೆ. ನಾನು ಅವರನ್ನು ಆರಿಸಲಿಲ್ಲ. ಎರಡನೇ ಬೆಂಚಿನ ಒಂದು ಹುಡುಗಿ, ಲೆಕ್ಕ ಚೆನ್ನಾಗಿ ಬರುವವಳು, ಪ್ರಶ್ನೆ ಕೇಳುವವಳು, ಅವಳನ್ನು ಆರಿಸಿದೆ. ಪ್ರಶ್ನೆ ಕೇಳುವವರಿಂದ ಮುಂದೆ ನನಗೇ ಕಷ್ಟ ಆಗುತ್ತದೆ ಅಂತ ಆಗ ಹೊಳೆಯಲಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಅಣುವಿದ್ಯುತ್ತಿನ ಅನುಕೂಲಗಳು ನಿಜ, ದೊಡ್ಡವು ಅಂತ ನಾನು ನಂಬಿದವನು. ಈ ಪ್ರಕರಣ ಮುಗಿದ ಮೇಲೂ ನಂಬುತ್ತೇನೆ. ಬದಲಾದದ್ದು ಅದನ್ನು ಹೇಳುವ ರೀತಿ.

ಸಮಸ್ಯೆ ಶುರುವಾದದ್ದು

ಮೊದಲ ವಾರ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಹಳೇ ನೋಟ್ಸ್ ತೆಗೆದು ಎಂಟು ಅನುಕೂಲ ಬರೆಸಿದೆ. ಸ್ವಲ್ಪ ಇಂಧನದಲ್ಲಿ ಬಹಳ ವಿದ್ಯುತ್. ಹೊಗೆ ಇಲ್ಲ. ಹಗಲು ರಾತ್ರಿ ಓಡುತ್ತದೆ. ಜಾಗ ಕಡಿಮೆ. ಹೀಗೆ. ಅವಳು ಮನೆಗೆ ಹೋಗಿ ಗಟ್ಟಿಯಾಗಿ ಓದಿಕೊಂಡಳು. ಮನೆಯಲ್ಲಿ ಅಜ್ಜ ಇದ್ದರು.

ಮಾರನೇ ದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅಜ್ಜ, ಇನ್ನೂ ಮೂರು ಜನ ಗೇಟಿನಲ್ಲಿ ನಿಂತಿದ್ದರು. ಜಗಳಕ್ಕೆ ಬಂದವರ ಮುಖ ಅಲ್ಲ. ಅದು ಇನ್ನೂ ಕಷ್ಟ.

"ಸರ, ಖರೇ ಹೇಳ್ರಿ. ನೀವು ಕಂಪನಿ ಕಡಿಯವರೇನು?"

ನಾನು ನಕ್ಕೆ. ನಗಬಾರದಿತ್ತು. ಅವರು ನಗಲಿಲ್ಲ.

"ಈ ಊರಾಗ ಅದು ಬ್ಯಾಡ ಅಂತ ನಾವು ಹೊಡದಾಡಾಕತ್ತೀವಿ. ನಮ್ಮ ಹುಡುಗಿ ಬಾಯಾಗ ಅದು ಚಲೋ ಅಂತ ಹೇಳಸ್ತೀರಿ."

ಹೆಡ್‌ಮಾಸ್ಟರ್ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: ಸುಮ್ನೆ ಯಾಕೆ ತಲೆನೋವು, ಈ ವರ್ಷ ಗೋಷ್ಠಿಗೆ ಯಾರನ್ನೂ ಕಳಿಸುವುದು ಬೇಡ, ಇಲ್ಲಾ ಸೋಲಾರ್ ಬಗ್ಗೆ ಮಾಡೆಲ್ ಮಾಡಿಸಿ. ಒಳ್ಳೆಯ ಮನುಷ್ಯ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ನಾನು ಎರಡು ದಿನ ಟೈಮ್ ಕೇಳಿದೆ. ಮೊದಲ ತೀರ್ಮಾನ ಅದೇ: ವಿಷಯ ಬಿಡಬಾರದು. ಯುರೇನಿಯಂ ಬಗ್ಗೆ ಮಾತಾಡಲು ಈ ರಾಜ್ಯದಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಈ ಊರಿನ ಮಕ್ಕಳಿಗೆ. ಅವರೇ ಬಾಯಿ ಮುಚ್ಚಿಕೊಂಡರೆ ಬೆಂಗಳೂರಿನ ಮಕ್ಕಳು ಮಾತಾಡುತ್ತಾರೆ, ಅಷ್ಟೆ.

ಮೊದಲ ಪ್ರಯತ್ನ: ಪಾಲಕರ ಸಭೆ

ಶನಿವಾರ ಸಭೆ ಕರೆದೆ. ಹದಿನೈದು, ಇಪ್ಪತ್ತು ಜನ ಬಂದರು. ಭಯ ಹೋಗಬೇಕಾದರೆ ವಿಕಿರಣದಿಂದಲೇ ಶುರು ಮಾಡಬೇಕು ಅಂದುಕೊಂಡೆ. ಈಗ ಯೋಚಿಸಿದರೆ ಎಡವಿದ್ದು ಅಲ್ಲೇ.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಣ್ಣು, ಕಲ್ಲು, ಗಾಳಿ, ಆಕಾಶ, ತಿನ್ನುವ ಅನ್ನ, ಎಲ್ಲದರಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆ. ಮಿಲಿಸೀವರ್ಟ್ ಅಂದರೆ ಮೈಗೆ ಬೀಳುವ ವಿಕಿರಣದ ಅಳತೆ. ಅಣು ಸ್ಥಾವರದಿಂದ ಹೊರಗಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ದಾಟಬಾರದು ಅಂತ ನಿಯಮ, ವಾಸ್ತವದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ಗೆ 8ರಿಂದ 10 ಬೀಳುತ್ತದೆ. ಬೋರ್ಡಿನ ಮೇಲೆ ಎಲ್ಲ ಬರೆದೆ. ಮಿಲಿಸೀವರ್ಟ್ ಅನ್ನುವ ಶಬ್ದ ಮೂರನೇ ಸಲ ಹೇಳುವಾಗ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಹೊರಗೆ ಹೋದರು. ಬೀಡಿಗೆ ಇರಬೇಕು.

ಒಬ್ಬ ಹೆಣ್ಣುಮಗಳು, ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಕೊನೆಗೆ ಒಂದು ಮಾತು ಹೇಳಿದರು: "ಸರ, ಸ್ಕ್ಯಾನ್ ನಾವು ಬೇಕಂತ ಹೋಗಿ ಮಾಡಸ್ಕೋತೀವಿ. ಡಾಕ್ಟರ್ ಕೇಳ್ತಾರ, ನಾವು ಹೂಂ ಅಂತೀವಿ. ಇದು ಕೇಳದೇ ಬರ್ತದಲ್ರಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅಳತೆಯಲ್ಲಿ ಎರಡೂ ಒಂದೇ ಇರಬಹುದು. ಆದರೆ ಒಪ್ಪಿ ತಗೊಂಡ ಅಪಾಯ ಬೇರೆ, ಮೇಲೆ ಬಿದ್ದ ಅಪಾಯ ಬೇರೆ. ಆ ಸಭೆ ಚಹಾ ಕುಡಿದು ಮುಗಿಯಿತು. ಯಾರ ಮನಸ್ಸೂ ಬದಲಾಗಲಿಲ್ಲ. ಬದಲಾಗಿದ್ದರೆ ನನಗೇ ಅನುಮಾನ ಬರುತ್ತಿತ್ತು.

ತಿರುವು

ತಿರುವು ಬಂದದ್ದು ಹೋಟೆಲಿನಲ್ಲಿ. ಬಸ್‌ಸ್ಟ್ಯಾಂಡ್ ಹತ್ತಿರ ಸುಸಲಾ, ಮಿರ್ಚಿ ಮಾಡುವ ಸಣ್ಣ ಹೋಟೆಲ್. ಅಜ್ಜ ಅಲ್ಲೇ ಕೂತಿದ್ದರು. ನನ್ನನ್ನು ಕರೆದು ಎದುರು ಕೂರಿಸಿ, ಮಿರ್ಚಿ ಪ್ಲೇಟ್ ನನ್ನ ಕಡೆ ತಳ್ಳಿ, ಸೀದಾ ಕೇಳಿದರು.

"ಕರೆಂಟ್ ಮಾಡೋದು ಎಲ್ಲಿ?"

"ನಮ್ಮ ರಾಜ್ಯದಾಗ ಕೈಗಾದಲ್ಲಿ, ಕಾರವಾರದ ಕಡೆ."

"ಮಣ್ಣು ಅಗಿಯೋದು?"

"ಇಲ್ಲಿ ಅಂತ ಮಾತಿತ್ತು."

"ಮತ್ತ ನೀವು ಎರಡೂ ಒಂದ ಮಾಡಿ ಮಾತಾಡಿದ್ರಲ್ಲ. ನಾವು ಬ್ಯಾಡ ಅಂದದ್ದು ಅಗಿಯೋದು. ನೀವು ಚಲೋ ಅಂದದ್ದು ಕರೆಂಟು."

ಇಷ್ಟೇ. ಎರಡು ವಾರದಿಂದ ನಾನು ಸ್ಥಾವರದ ಅನುಕೂಲ ಹೇಳುತ್ತಿದ್ದೆ, ಅವರು ಗಣಿಯ ಅನಾನುಕೂಲ ಹೇಳುತ್ತಿದ್ದರು. ಇಬ್ಬರೂ ಬೇರೆ ಬೇರೆ ಮಾತಿಗೆ ಉತ್ತರ ಕೊಡುತ್ತಿದ್ದೆವು. ಓದಿದವನು ನಾನು. ಕಂಡದ್ದು ಅವರಿಗೆ.

ಸೋಮವಾರ ಕ್ಲಾಸಿನಲ್ಲಿ ಬೋರ್ಡಿನ ನಡುವೆ ಒಂದು ಗೆರೆ ಎಳೆದೆ. ಎಡಗಡೆ ಸ್ಥಾವರ, ಬಲಗಡೆ ಗಣಿ. ನಿಯಮ ಒಂದೇ: ಸ್ಥಾವರವನ್ನು ಸ್ಥಾವರದ ಜೊತೆ ಹೋಲಿಸಬೇಕು, ಗಣಿಯನ್ನು ಗಣಿಯ ಜೊತೆ. ಅಣು ಸ್ಥಾವರಕ್ಕೆ ಎದುರು ಕಲ್ಲಿದ್ದಲಿನ ಸ್ಥಾವರ. ಪಕ್ಕದ ರಾಯಚೂರಿನ ಶಕ್ತಿನಗರದ್ದೇ ಸಾಕು, ನಮ್ಮ ಮಕ್ಕಳಲ್ಲಿ ಕೆಲವರು ಅದರ ಚಿಮಣಿ ನೋಡಿದ್ದಾರೆ. ಎಂಟು ಅನುಕೂಲ ಬರೆದ ಹಾಳೆ ಮಡಚಿ ಒಳಗಿಟ್ಟೆ.

ಕಣಕಿ ಕಟ್ಟು

ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಅವಕ್ಕೆ ಹಾಕುವ ಇಂಧನ ಒಂದು ಕಟ್ಟಿನ ರೂಪದಲ್ಲಿ ಇರುತ್ತದೆ. ಅರ್ಧ ಮೀಟರ್ ಉದ್ದ. ಒಂದೂವರೆ ಸೆಂಟಿಮೀಟರ್ ದಪ್ಪದ 19 ಕೊಳವೆ, ಒಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆ. ಈ ಕಟ್ಟುಗಳು ತಯಾರಾಗುವುದು ನಮಗೆ ಹತ್ತಿರದ ಹೈದರಾಬಾದಿನಲ್ಲೇ.

ಒಂದೂವರೆ ಸೆಂಟಿಮೀಟರ್ ದಪ್ಪ ಅಂದ ಕೂಡಲೇ ಹಿಂದಿನ ಬೆಂಚಿನಿಂದ ದನಿ ಬಂತು: "ಕಣಕಿ ಅಷ್ಟು, ಸರ." ಜೋಳದ ದಂಟಿಗೆ ನಮ್ಮ ಕಡೆ ಕಣಕಿ ಅನ್ನುತ್ತಾರೆ. ಸರಿ, ತನ್ನಿ ಅಂದೆ. ಮಾರನೇ ದಿನ ಹುಡುಗಿ ಒಂದು ಹೊರೆ ತಂದಳು. ಅಜ್ಜನ ಬಣವೆಯದು. ಯಾತಕ್ಕೆ ಅಂತ ಮನೆಯಲ್ಲಿ ಹೇಳಿರಲಿಲ್ಲ.

ಅರ್ಧ ಮೀಟರಿಗೆ ಕತ್ತರಿಸಿ 19 ಎಣಿಸಿ ಕಟ್ಟಲು ಕೂತರು. ಸುಮ್ನೆ ಸುತ್ತಿದರೆ ದುಂಡಗೆ ಬರಲಿಲ್ಲ, ಒಂದು ಕಡೆ ಉಬ್ಬಿತು. ಬಿಚ್ಚಿ ಮತ್ತೆ ಕಟ್ಟಿದರು. ಮೂರನೇ ಸಲ ಒಬ್ಬ ಹುಡುಗ ನಡುವೆ ಒಂದು ಇಟ್ಟು, ಸುತ್ತ ಆರು ಇಟ್ಟು, ಅದರ ಸುತ್ತ ಹನ್ನೆರಡು ಇಟ್ಟ. ಗಟ್ಟಿಯಾಗಿ ದುಂಡಗೆ ಕೂತಿತು. ಒಂದು, ಆರು, ಹನ್ನೆರಡು: ನಿಜವಾದ ಕಟ್ಟಿನಲ್ಲೂ ಕೊಳವೆಗಳು ಕೂತಿರುವುದು ಹೀಗೇ. ನಾನು ಹೇಳಿಕೊಟ್ಟದ್ದಲ್ಲ. ಅವನು ಮನೆಯಲ್ಲಿ ಮೇವಿನ ಸಿವುಡು ಕಟ್ಟುವವನು.

ಕಣಕಿ ಕಟ್ಟು ಹಗುರ, ನಿಜವಾದ್ದು ಸುಮಾರು 16 ಕೆಜಿ. ಅದನ್ನು ಹೇಗೆ ತೋರಿಸುವುದು? ಊರಿನ ತೊಗರಿ ವ್ಯಾಪಾರಿಯ ತಕ್ಕಡಿಗೆ ಹೋದೆವು. 16 ಕೆಜಿ ತೊಗರಿ ಚೀಲಕ್ಕೆ ಹಾಕಿಸಿ ಒಬ್ಬೊಬ್ಬರೂ ಎತ್ತಿದರು. ಒಂದು ಕೈಯಲ್ಲಿ ಕಣಕಿ ಕಟ್ಟು, ಇನ್ನೊಂದು ಕೈಯಲ್ಲಿ ತೊಗರಿ ಚೀಲ. ಇಷ್ಟು ಸಣ್ಣದು ಇಷ್ಟು ಭಾರ ಅಂದರೆ ಎಂಥ ವಸ್ತು ಅಂತ ಅವರಿಗೆ ಆಗ ಅಂದಾಜು ಸಿಕ್ಕಿತು. ಉರಿಯುವ ಮೊದಲು ಈ ಕಟ್ಟನ್ನು ಕೈಗವಸು ಹಾಕಿ ಕೈಯಲ್ಲೇ ಎತ್ತಿ ಇಡಬಹುದು ಅಂದಾಗ ಯಾರೂ ನಂಬಲಿಲ್ಲ. ಅದು ನಿಜ. ಉರಿದು ಹೊರಗೆ ಬಂದ ಮೇಲೆ ಮಾತ್ರ ಹತ್ತಿರ ಹೋಗುವ ಹಾಗಿಲ್ಲ.

ಆಮೇಲೆ ಲೆಕ್ಕ. ಒಂದು ಕಟ್ಟಿನಲ್ಲಿ ಯುರೇನಿಯಂ ಮಾತ್ರ ತೂಗಿದರೆ ಸುಮಾರು 13 ಕೆಜಿ. ಈ ಥರದ ರಿಯಾಕ್ಟರಿನಲ್ಲಿ ಒಂದು ಕೆಜಿಗೆ ಹೆಚ್ಚುಕಡಿಮೆ 50 ಸಾವಿರ ಯೂನಿಟ್ ವಿದ್ಯುತ್. ಅಂದರೆ ಒಂದು ಕಟ್ಟಿಗೆ ಆರೂವರೆ ಲಕ್ಷ ಯೂನಿಟ್.

ಆರೂವರೆ ಲಕ್ಷ ಅಂದರೆ ಎಷ್ಟು? ಮನೆಯ ಕರೆಂಟ್ ಬಿಲ್ ತನ್ನಿ ಅಂದೆ. ಇಲ್ಲೊಂದು ತಮಾಷೆ. ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನಲ್ಲಿ ಕೊಡಬೇಕಾದ ಹಣ ಸೊನ್ನೆ, ಹಾಗಾಗಿ ಯೂನಿಟ್ ಎಷ್ಟು ಅಂತ ಯಾರ ಮನೆಯಲ್ಲೂ ನೋಡಿರಲಿಲ್ಲ. ಕೆಲವರ ಮನೆಯಲ್ಲಿ ಬಿಲ್ಲೇ ಇರಲಿಲ್ಲ, ಒಲೆಗೆ ಹೋಗಿತ್ತು. ಸಿಕ್ಕ ಬಿಲ್ಲುಗಳನ್ನು ಕೂಡಿಸಿ ಭಾಗಿಸಿದರೆ ತಿಂಗಳಿಗೆ 60 ಯೂನಿಟ್ ಹತ್ತಿರ ಬಂತು. ವರ್ಷಕ್ಕೆ 720. ಹುಡುಗಿ ಭಾಗಾಕಾರ ಮಾಡಿ ಬೋರ್ಡಿನ ಮೇಲೆ ಬರೆದಳು: 900 ಮನೆ. ಒಂದು ಕಣಕಿ ಕಟ್ಟು, ಒಂದು ವರ್ಷ, 900 ಮನೆ. ನಮ್ಮ ಊರಿನಲ್ಲಿ ಅಷ್ಟು ಮನೆ ಇಲ್ಲ.

ಈಗ ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಬೇಕು. ಆರೂವರೆ ಲಕ್ಷ ಯೂನಿಟ್‌ಗೆ 455 ಟನ್. ಒಂದು ರೈಲ್ವೆ ಡಬ್ಬಿಗೆ 60 ಟನ್ ಅಂತ ಹಿಡಿದರೆ ಏಳೆಂಟು ಡಬ್ಬಿ. 220 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 52 ಲಕ್ಷ ಚಿಲ್ಲರೆ ಯೂನಿಟ್. ಅದಕ್ಕೆ ದಿನಕ್ಕೆ ಎಂಟು ಕಟ್ಟು ಸಾಕು. ಕಲ್ಲಿದ್ದಲಾದರೆ ದಿನಕ್ಕೆ ಅರವತ್ತು ಡಬ್ಬಿ.

ಅರವತ್ತು ಡಬ್ಬಿ ಅಂದರೆ ಏನು ಅಂತ ಹೇಳಬೇಕಾಗಲಿಲ್ಲ. ವಾಡಿ ಜಂಕ್ಷನ್‌ನಲ್ಲಿ ಮಾವನ ಮನೆ ಇರುವ ಒಬ್ಬ ಹುಡುಗ ಎದ್ದ. "ನಾ ಎಣಸೀನಿ ಸರ. ಗೂಡ್ಸ್ ಗಾಡಿಗಿ 58 ಡಬ್ಬಿ ಇರ್ತಾವು." ರಜೆಯಲ್ಲಿ ಗೇಟ್ ಬಿದ್ದಾಗ ಎಣಿಸುವುದು ಅವನ ಆಟ.

ಹಾಗೆ ಆ ಮಾತು ಹುಟ್ಟಿತು: ದಿನಕ್ಕೆ ಈ ಕಡೆ ಎಂಟು ಕಣಕಿ ಕಟ್ಟು, ಆ ಕಡೆ ಒಂದು ಪೂರ್ತಿ ಗೂಡ್ಸ್ ಗಾಡಿ. ಎಂಟು ಕಟ್ಟು ಒಂದು ಟಂಟಂ ಆಟೋದಲ್ಲಿ ಬರುತ್ತವೆ, ಜೊತೆಗೆ ಇಬ್ಬರು ಕೂರಬಹುದು. ಗೂಡ್ಸ್ ಗಾಡಿಯಲ್ಲಿ ಬಂದದ್ದರ ಮೂರನೇ ಒಂದು ಪಾಲಿನಷ್ಟು ಬೂದಿಯಾಗಿ ಹಿಂದೆ ಉಳಿಯುತ್ತದೆ, ದಿನಕ್ಕೆ ಸಾವಿರ ಟನ್ ಮೇಲೆ. ಮಿಕ್ಕಿದ್ದು ಹೊಗೆ. ಒಂದು ಯೂನಿಟ್ ವಿದ್ಯುತ್ತಿಗೆ ಗಣಿಯಿಂದ ಹಿಡಿದು ಎಲ್ಲ ಸೇರಿ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್, ಅಣುವಿನಿಂದ ಸುಮಾರು 12 ಗ್ರಾಂ. ಹವಾಮಾನದ ಬಗ್ಗೆ ಕೆಲಸ ಮಾಡುವ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2014ರಲ್ಲಿ ಕೊಟ್ಟ ಅಂಕಿ ಇದು. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು ಕಂಡವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ರಾತ್ರಿಯ ತ್ರೀಫೇಸ್

ಹಗಲು ರಾತ್ರಿ ಓಡುತ್ತದೆ ಅನ್ನುವ ಅನುಕೂಲ ಮಕ್ಕಳಿಗೆ ತುಂಬಾ ಹಿಡಿಸಿತು. ಕೈಗಾದ ಒಂದನೇ ಘಟಕ 2016ರ ಮೇ 13ಕ್ಕೆ ಶುರುವಾಗಿ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಂದು ಸಲವೂ ನಿಲ್ಲದೆ ಓಡಿತು. ಆಗ ಅದು ಜಗತ್ತಿನ ದಾಖಲೆ. ಆಮೇಲೆ ಕೆನಡಾದ ಒಂದು ಘಟಕ ಅದನ್ನು ಮುರಿಯಿತು. ಎರಡೂವರೆ ವರ್ಷ ಕರೆಂಟ್ ಹೋಗಲಿಲ್ಲ ಅಂದರೆ ನಮ್ಮ ಮಕ್ಕಳಿಗೆ ಅದು ಪುರಾಣದ ಕಥೆ.

ಇದೇ ಮೇ 13ರ ಇನ್ನೊಂದು ಕಥೆಯನ್ನೂ ಹೇಳಿದೆ. 1994ರ ಮೇ 13ರಂದು ಅದೇ ಕೈಗಾದಲ್ಲಿ, ಕಟ್ಟುವ ಹಂತದಲ್ಲಿ, ಗುಮ್ಮಟದ ಒಳಪದರ ಕುಸಿದು ಬಿದ್ದಿತ್ತು. ಆಗ ಒಳಗೆ ಇಂಧನ ಇರಲಿಲ್ಲ. ಅದನ್ನು ಬಿಟ್ಟು ದಾಖಲೆಯನ್ನಷ್ಟೇ ಹೇಳಿದರೆ, ಯಾರಾದರೂ ಅದನ್ನು ಹೇಳಿದ ದಿನ ನನ್ನ ಮಾತೆಲ್ಲ ಬಿದ್ದುಹೋಗುತ್ತದೆ ಅಂತ ಅನಿಸಿತು.

ಹುಡುಗಿ ತನ್ನ ಭಾಷಣದಲ್ಲಿ ಹೀಗೆ ಬರೆದಿದ್ದಳು: ಅಣುವಿದ್ಯುತ್ ಇದ್ದರೆ ರೈತರು ರಾತ್ರಿ ಹೊಲಕ್ಕೆ ಹೋಗಬೇಕಿಲ್ಲ. ಇದನ್ನು ಕೇಳಿದ ಅವಳಪ್ಪ, ಪಂಪ್‌ಸೆಟ್ ಇರುವವರು, ಒಂದೇ ಮಾತಿನಲ್ಲಿ ತೆಗೆದುಹಾಕಿದರಂತೆ. "ರಾತ್ರಿ ಹೋಗಬಾರ್ದಂದ್ರ ಹಗಲಿ ಕರೆಂಟ್ ಬೇಕು. ಅದಕ್ಕ ಸೋಲಾರ ಚಲೋ ಅಲ್ಲೇನು?"

ಸರಿಯಾದ ಮಾತು. ತ್ರೀಫೇಸ್ ರಾತ್ರಿ ಕೊಟ್ಟಾಗ ಬ್ಯಾಟರಿ ಹಿಡಿದು ಹಾವಿನ ನಡುವೆ ನೀರು ಕಟ್ಟುವ ರೈತನಿಗೆ ಬೇಕಾದ್ದು ಹಗಲಿನ ವಿದ್ಯುತ್. ಅಣು ಸ್ಥಾವರದ ಗುಣ ಬೇರೆ. ಅದನ್ನು ಬೇಕಾದಾಗ ಏರಿಸಿ ಬೇಡಾದಾಗ ಇಳಿಸುವುದು ಸುಲಭವಲ್ಲ, ಒಂದೇ ಸಮ ಓಡಿಸಬೇಕು. ಹೊತ್ತು ಮುಳುಗಿದ ಮೇಲೆ ನಿಲ್ಲಿಸಲಾಗದ್ದು ಎಲ್ಲಿದೆಯೋ ಅಲ್ಲಿ ಅದು ಕೆಲಸಕ್ಕೆ ಬರುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಯ ಗೂಡು ರಾತ್ರಿ ಆರಿಸುವಂತಿಲ್ಲ. ಆಸ್ಪತ್ರೆ ಇದೆ. ಬೇಸಿಗೆ ರಾತ್ರಿ ಮೂರು ಗಂಟೆಗೂ ತಿರುಗುವ ಲಕ್ಷಾಂತರ ಫ್ಯಾನ್ ಇವೆ. ಹುಡುಗಿ ರೈತನ ಸಾಲು ಹೊಡೆದು ಹಾಕಿ ಫ್ಯಾನಿನ ಸಾಲು ಬರೆದಳು. ನಾಲ್ಕನೇ ಸಲ ತಿದ್ದಿದ್ದು. ಭಾಷಣ ಚಿಕ್ಕದಾಯಿತು, ಒಳ್ಳೆಯದಾಯಿತು.

ಕೈಗಾದ ಕರೆಂಟ್ ನಮ್ಮೂರಿಗೆ ಬರುತ್ತದೋ ಇಲ್ಲವೋ ಅಂತಲೂ ಕೇಳಿದರು. ಹತ್ತು ಹಳ್ಳದ ನೀರು ಕೆರೆಗೆ ಬಿದ್ದ ಮೇಲೆ ಯಾವ ಕೊಡದಲ್ಲಿ ಯಾವ ಹಳ್ಳದ್ದು ಅಂತ ಹೇಳಲಾಗುತ್ತದಾ? ಎಲ್ಲ ಸ್ಥಾವರಗಳ ಕರೆಂಟ್ ಬಂದು ಸೇರುವ ತಂತಿಜಾಲ, ಗ್ರಿಡ್ ಅನ್ನುತ್ತಾರಲ್ಲ, ಅದೂ ಹಾಗೇ.

ಉರಿದ ಕಟ್ಟು ಎಲ್ಲಿ ಹೋಗುತ್ತದೆ

ಭಾಷಣ ಮುಗಿಯಿತು ಅಂದುಕೊಂಡ ದಿನ ಅವಳು ಕೇಳಿದಳು: "ದಿನಾ ಎಂಟು ಒಳಗ ಹೋದ್ರ ಎಂಟು ಹೊರಗ ಬರಬೇಕಲ್ಲ ಸರ. ಅವು ಎಲ್ಲಿ ಹೋಗ್ತಾವು?"

ನೇರವಾಗಿ ಹೇಳಿದೆ. ಕಟ್ಟಿನ ಆಕಾರ ಹಾಗೇ ಇರುತ್ತದೆ, ಬೂದಿ ಆಗುವುದಿಲ್ಲ. ಆದರೆ ವಿಕಿರಣ ವಿಪರೀತ. ಮೊದಲು ಆಳವಾದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಆಮೇಲೆ ಅದರಲ್ಲಿ ಉಪಯೋಗಕ್ಕೆ ಬರುವ ಭಾಗ ಬೇರೆ ಮಾಡುವ ಕ್ರಮ ನಮ್ಮ ದೇಶದಲ್ಲಿದೆ. ಮಿಕ್ಕ ತೀರಾ ಅಪಾಯದ ಭಾಗವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಗಟ್ಟಿ ಮಾಡಿ ಕಾಯುತ್ತಾರೆ. ಶಾಶ್ವತವಾಗಿ ಹೂಳುವ ಆಳದ ಜಾಗ ಭಾರತದಲ್ಲಿ ಇನ್ನೂ ಇಲ್ಲ. ಫಿನ್‌ಲೆಂಡಿನವರು ಬಂಡೆ ಕೊರೆದು ಕಟ್ಟಿದ್ದಾರೆ.

"ಅಂದ್ರ ಕಸ ಸ್ವಲ್ಪ, ಕಾಯೋದು ಬಾಳ ದಿನ," ಅಂದಳು. ನಾನು ಆ ಸಾಲನ್ನು ಹಾಗೇ ಬರೆದುಕೋ ಅಂದೆ.

ಚೆರ್ನೋಬಿಲ್, ಫುಕುಶಿಮಾ ಬಗ್ಗೆಯೂ ಕೇಳಿದರು. 1986, 2011. ಎರಡನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೂ 100 ಕೋಟಿ ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸಾಯುವವರು ಸುಮಾರು 25, ಅಣುವಿನಿಂದ 0.03 ಅಂತ ಜಾಗತಿಕ ಅಂದಾಜು. ಕಲ್ಲಿದ್ದಲಿನ ಸಾವು ಹೊಗೆಯಲ್ಲಿ, ಒಬ್ಬೊಬ್ಬರಾಗಿ, ಸದ್ದಿಲ್ಲದೆ ಆಗುತ್ತದೆ. ಅದು ಪೇಪರಿಗೆ ಬರುವುದಿಲ್ಲ. ಈ ಅಂಕಿಯನ್ನು ಭಾಷಣದಲ್ಲಿ ಬಳಸಬೇಕೋ ಬೇಡವೋ ಅಂತ ಇಬ್ಬರೂ ಯೋಚಿಸಿ ಬಿಟ್ಟೆವು. 0.03 ಸಾವು ಅಂದರೆ ಏನು ಅಂತ ಕೇಳಿದರೆ ವಿವರಿಸಲು ಆರು ನಿಮಿಷ ಸಾಲುವುದಿಲ್ಲ. ಅದೂ ಒಂದು ತೀರ್ಮಾನ. ಸರಿಯಾದ ಅಂಕಿ ಎಲ್ಲ ಕಡೆಗೂ ಸರಿಯಲ್ಲ.

ಗೋಷ್ಠಿಯ ದಿನ

ಹೋಗುವ ಹಿಂದಿನ ದಿನ ಹುಡುಗಿ ಒಂದು ಹಟ ಹಿಡಿದಳು. ಕೊನೆಯ ಒಂದು ನಿಮಿಷ ಬೋರ್ಡಿನ ಬಲಗಡೆಗೆ, ಗಣಿಗೆ. ವಿಷಯ ಅನುಕೂಲಗಳು ಅಂತ ಇದೆ, ಮಾರ್ಕ್ಸ್ ಹೋಗುತ್ತದೆ ಅಂದೆ. "ಹೋಗ್ಲಿ ಸರ. ಮನ್ಯಾಗ ಅಜ್ಜಗ ಹೇಳಿ ಬಂದೀನಿ," ಅಂದಳು. ಅಜ್ಜ ಭಾಷಣಕ್ಕೆ ಒಪ್ಪಿಗೆ ಕೊಟ್ಟದ್ದು ಆ ಒಂದು ನಿಮಿಷದ ಮೇಲೆ. ಇದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಐದು ನಿಮಿಷ ಚೆನ್ನಾಗಿ ಹೋಯಿತು. ಕಣಕಿ ಕಟ್ಟು ಎತ್ತಿ ತೋರಿಸಿದಾಗ ಸಭೆಯಲ್ಲಿ ನಗು, ಗೂಡ್ಸ್ ಗಾಡಿ ಅಂದಾಗ ಮೌನ. ಆರನೇ ನಿಮಿಷದಲ್ಲಿ ಅವಳು ಹೇಳಿದ್ದು ಇಷ್ಟು: ಈ ಅನುಕೂಲ ಎಲ್ಲ ನಿಜ, ಆದರೆ ಅನುಕೂಲ ಆಗುವ ಊರು ಬೇರೆ, ಮಣ್ಣು ಅಗಿಯುವ ಊರು ಬೇರೆ, ನಾನು ಎರಡನೇ ಊರಿನವಳು, ನಮ್ಮನ್ನು ಕೇಳಿ ಮಾಡಿ.

ಮೂರನೇ ಬಹುಮಾನ ಬಂತು. ಜಿಲ್ಲೆಗೆ ಹೋಗುವವರು ಮೊದಲ ಸ್ಥಾನದವರು ಮಾತ್ರ. ತೀರ್ಪುಗಾರರೊಬ್ಬರು ನನ್ನ ಹತ್ತಿರ ಬಂದು, ಹುಡುಗಿ ಚುರುಕು, ಕೊನೆಯಲ್ಲಿ ವಿಷಯ ಬಿಟ್ಟು ಹೋದಳು ಅಂದರು. ನಾನು ವಾದ ಮಾಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವಳು ವಿಷಯಕ್ಕೆ ಬಂದದ್ದು ಆಗಲೇ.

ಏನಾಯಿತು, ಏನು ಕಲಿತೆ

ಊರು ಅಣುವಿದ್ಯುತ್ತಿನ ಪರ ಆಯಿತು ಅಂತ ಯಾರೂ ತಿಳಿಯಬಾರದು. ಆಗಲಿಲ್ಲ. ಆದರೆ ಮಾತಿನ ದಾರಿ ಬದಲಾಯಿತು. ಮುಂದಿನ ಪಾಲಕರ ಸಭೆಯಲ್ಲಿ ಅವಳು ಅದೇ ಭಾಷಣ ಮಾಡಿದಳು. ಅಂಗನವಾಡಿಯ ಆ ಹೆಣ್ಣುಮಗಳು ಎದ್ದು, ಗಣಿ ಮಾತು ಆಮ್ಯಾಲ, ನಮ್ಮ ಬೋರಿನ ನೀರಾಗ ಈಗ ಏನದ ಅಂತ ಕೇಳಿದರು. ಇದು ಹೊಸ ಪ್ರಶ್ನೆ. ಗಣಿ ಇಲ್ಲದಿದ್ದರೂ, ಸ್ಥಾವರ ಇಲ್ಲದಿದ್ದರೂ, ಗ್ರಾನೈಟ್ ಇರುವ ಕಡೆ ಅಂತರ್ಜಲದಲ್ಲಿ ಯುರೇನಿಯಂ ತಾನಾಗಿ ಕರಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಂದು ಲೀಟರಿಗೆ 30 ಮೈಕ್ರೋಗ್ರಾಂ. ಜಾಸ್ತಿ ಇದ್ದರೆ ವಿಕಿರಣಕ್ಕಿಂತ ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಪಂಚಾಯತಿ ಕಿಟ್‌ನಲ್ಲಿ ಪರೀಕ್ಷೆ ಮಾಡಿಸಿದರು. ಒಂದು ಬೋರಿನಲ್ಲಿ ಫ್ಲೋರೈಡ್ ಜಾಸ್ತಿ ಬಂತು, ಅದರ ನೀರು ಕುಡಿಯುವುದನ್ನು ನಿಲ್ಲಿಸಿದರು. ಯುರೇನಿಯಂ ಅಳೆಯುವುದು ಆ ಕಿಟ್‌ಗೆ ಆಗುವುದಿಲ್ಲ. ಅದಕ್ಕೆ ದೊಡ್ಡ ಲ್ಯಾಬ್ ಬೇಕು. ಅರ್ಜಿ ಬರೆದದ್ದು ಹತ್ತನೇ ಕ್ಲಾಸಿನವರು.

ನಾನು ಮತ್ತೆ ಈ ಪಾಠ ಮಾಡಬೇಕಾದರೆ ವಿಕಿರಣದಿಂದ ಶುರು ಮಾಡುವುದಿಲ್ಲ. ಭಯ ಇರುವ ಕಡೆ ಭಯದಿಂದಲೇ ಮಾತು ಶುರು ಮಾಡಿದರೆ ಜನರಿಗೆ ಕೇಳುವುದು ಆ ಒಂದು ಶಬ್ದವೇ. ಕೈಯಲ್ಲಿ ಎತ್ತುವಂಥದ್ದರಿಂದ ಶುರು ಮಾಡುತ್ತೇನೆ. ಪ್ರತಿ ಅನುಕೂಲದ ಮುಂದೆಯೂ ಯಾರಿಗೆ ಅಂತ ಒಂದು ಶಬ್ದ ಬರೆಸುತ್ತೇನೆ. ರೈತನ ಸಾಲು ಬಿದ್ದುಹೋದದ್ದು ಆ ಶಬ್ದದಿಂದಲೇ, ಫ್ಯಾನಿನ ಸಾಲು ನಿಂತದ್ದೂ ಅದರಿಂದಲೇ. ಇನ್ನೊಂದು: ಪಾಲಕರ ಸಭೆಗಿಂತ ಮೊದಲು ಹೋಟೆಲಿಗೆ ಹೋಗುತ್ತೇನೆ.

ಅಜ್ಜ ಒಂದು ಸಂಜೆ ಶಾಲೆಗೆ ಬಂದರು. ಲ್ಯಾಬಿನ ಕಪಾಟಿನ ಮೇಲೆ ಕಣಕಿ ಕಟ್ಟು ಇತ್ತು. ಇಳಿಸಿ, ತಿರುಗಿಸಿ ನೋಡಿ, "ನನ್ನ ಬಣವಿದು," ಅಂದರು. ಆಮೇಲೆ ಕೇಳಿದರು: "ಇಂಥದ್ದೊಂದಕ್ಕ ಎಷ್ಟು ಟ್ರ್ಯಾಕ್ಟರ್ ಮಣ್ಣು ಅಗೀಬೇಕು?"

ಮೊಮ್ಮಗಳು ಅಲ್ಲೇ ಲೆಕ್ಕ ಮಾಡಿದಳು. ಸಾವಿರ ಕೆಜಿ ಅದಿರಿಗೆ ಒಂದು ಕೆಜಿ ಯುರೇನಿಯಂ ಅಂತ ಹಿಡಿದರೆ 13 ಟನ್, ಅರ್ಧ ಕೆಜಿ ಅಂತ ಹಿಡಿದರೆ 26 ಟನ್. ಟ್ರ್ಯಾಕ್ಟರಿಗೆ ಮೂರು ಟನ್. ನಾಲ್ಕೈದರಿಂದ ಒಂಬತ್ತು ಟ್ರ್ಯಾಕ್ಟರ್. ಕಲ್ಲಿದ್ದಲಾದರೆ ಬರೀ ಕಲ್ಲಿದ್ದಲೇ 150 ಟ್ರ್ಯಾಕ್ಟರ್, ಮೇಲಿನ ಮಣ್ಣು ಬಿಟ್ಟು.

"ಕಮ್ಮಿ ಅದ," ಅಂತ ಒಪ್ಪಿದರು ಅಜ್ಜ. ಕಟ್ಟನ್ನು ಕಪಾಟಿನ ಮೇಲೆ ಇಟ್ಟರು. "ಅದರಾಗ ನಿಮ್ಮ 13 ಕೆಜಿ ತಗದ ಮ್ಯಾಲ, ಉಳದ ಒಂಬತ್ತು ಟ್ರ್ಯಾಕ್ಟರ್ ಎಲ್ಲಿ ಸುರೀತಾರ?"

ಹುಡುಗಿ ಸೀಮೆಸುಣ್ಣ ತಗೊಂಡು ಬೋರ್ಡಿನ ಬಲಗಡೆ ಅದನ್ನು ಬರೆದುಕೊಂಡಳು. ಮರುದಿನ ಮೊದಲನೇ ಪಿರಿಯಡ್ ಕನ್ನಡದವರದ್ದು. ಅವರಿಗೆ ಅಳಿಸಬೇಡಿ ಅಂತ ಹೇಳಿ ಬಂದೆ.